ಕೇಪಿನ ಕೋವಿ

ಶಿಕಾರಿಪುರ ಎನ್ನುವ ಹೆಸರಿನಲ್ಲೇ ಶಿಕಾರಿ ಇದೆ. ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರ ಎನಿಸಿಕೊಂಡಿದ್ದ ಊರು ಇದು. ಹೈದರನೋ ಟಿಪ್ಪುವೋ ಇಲ್ಲಿಗೆ ಬೇಟೆಗೆಂದು ಬಂದಾಗ ಪ್ರಾಣಿಗಳು ಯಥೇಚ್ಛವಾಗಿ ಸಿಕ್ಕಿದ್ದರಿಂದ ಈ ಹೆಸರು ಬಂತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ನಮ್ಮನೇಲೂ ಕೋವಿ ಇದೆ. ಸರ್ಕಾರದೋರೇ ಲೈಸೆನ್ಸು ಕೊಟ್ಟಿದಾರೆ. ಆದ್ರೆ ಓಟು ಬಂದಾಗೆಲ್ಲ ಪೊಲೀಸ್ರು ಇಸ್ಕೊಂಡು ಹೋಗ್ತಾರೆ. ಕೊಟ್ಟೋರೇ ಯಾಕೆ ತಗೋತಾರೆ?" ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕು, "ನಾಳೆ ಹೇಳ್ತೀನಿ, ಕೂತ್ಕೋ" ಎಂದೆ. ಉತ್ತರ ತಿಳಿಯದಾಗ ನಾವು ಶಿಕ್ಷಕರು ಆಡುವ ಮಾತು ಅದು. ಆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಮನೆಗೆ ಬಂತು. ಏಕೆಂದರೆ ಅಂಥದೇ ಒಂದು ಕೋವಿ ನನ್ನ ತವರಿನಲ್ಲೂ ಇದೆ.

ನನ್ನ ತವರು ಸೊರಬ ತಾಲ್ಲೂಕಿನ ಒಂದು ಹಳ್ಳಿ. ನಡುಮನೆಯ ಗೋಡೆಗೆ ಎರಡು ಗೂಟ ಹೊಡೆದು ಅಪ್ಪಯ್ಯ ತಮ್ಮ ಕೇಪಿನ ಕೋವಿಯನ್ನು ಅಡ್ಡಲಾಗಿ ಇಟ್ಟಿರುತ್ತಿದ್ದರು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಗಿಡಿದು, ಹಿಂದೆ ಕೇಪು ಸಿಕ್ಕಿಸಿ ಕುದುರೆ ಎಳೆಯಬೇಕು. ಒಂದು ಈಡು ಹೊಡೆದು ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಹಂದಿ ಆಚೆ ಊರು ಸೇರಿರುತ್ತದೆ. ಅಪ್ಪಯ್ಯನಿಗೆ ಬೇಕಾದದ್ದೂ ಅಷ್ಟೇ. ಹೆಚ್ಚಿನ ಸಲ ಅವರು ಗುಂಡು ಹಾಕುತ್ತಲೇ ಇರಲಿಲ್ಲ. ಭತ್ತ ತೆನೆ ಕಟ್ಟಿದ ಮೇಲೆ ಗದ್ದೆಯ ಮಾಳದಲ್ಲಿ ಮಲಗಿ, ನಡುರಾತ್ರಿ ಬರೀ ಮದ್ದಿನ ಈಡು ಹಾರಿಸುತ್ತಿದ್ದರು. ಆ ಸದ್ದಿಗೆ ನಾವು ಮಕ್ಕಳು ಬೆಚ್ಚಿ ಎದ್ದರೆ ಅಮ್ಮ, "ಏನಿಲ್ಲ, ಅಪ್ಪಯ್ಯ ಎಚ್ಚರ ಇದಾರೆ, ಮಲಗಿ" ಎನ್ನುತ್ತಿದ್ದಳು. ಕೋವಿಯ ಸದ್ದು ಕೇಳಿ ನಿದ್ದೆ ಹೋದ ಬಾಲ್ಯ ನನ್ನದು.

ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ 1857ಕ್ಕೇ ಹೋಗಬೇಕು. ಆ ವರ್ಷ ಉತ್ತರದಲ್ಲಿ ಎದ್ದ ದಂಗೆ ಬ್ರಿಟಿಷರ ಎದೆ ನಡುಗಿಸಿತು. ಜನರ ಕೈಯಲ್ಲಿ ಆಯುಧ ಇರಬಾರದು ಎಂದು ಕಾನೂನುಗಳು ಒಂದರ ಹಿಂದೊಂದು ಬಂದವು. 1878ರಲ್ಲಿ ಲಾರ್ಡ್ ಲಿಟನ್ ಕಾಲದ ಶಸ್ತ್ರ ಕಾಯಿದೆ ಪರವಾನಗಿ ಇಲ್ಲದೆ ಕೋವಿ ಇಡುವುದೇ ಅಪರಾಧ ಎಂದಿತು. ಯುರೋಪಿಯನ್ನರಿಗೆ ಮಾತ್ರ ವಿನಾಯಿತಿ! ಅದೇ ವರ್ಷ ದೇಶಭಾಷಾ ಪತ್ರಿಕೆಗಳ ಬಾಯಿಗೂ ಬೀಗ ಬಿತ್ತು. ಆಯುಧ ಮತ್ತು ಅಕ್ಷರ, ಎರಡಕ್ಕೂ ಆಳುವವರು ಒಂದೇ ವರ್ಷ ಹೆದರಿದ್ದರು. ನಮ್ಮದು ಮೈಸೂರು ಸಂಸ್ಥಾನವಾಗಿತ್ತು, ನಿಜ. ಆದರೆ ಇಂದು ನಮ್ಮ ಹಳ್ಳಿಯ ಕೋವಿಯನ್ನು ಆಳುವ ಕಾನೂನಿನ ಬೇರು ಇರುವುದು ಅಲ್ಲೇ. ಅಹಿಂಸೆಯನ್ನೇ ಉಸಿರಾಡಿದ ಗಾಂಧೀಜಿಯವರೂ ಇಡೀ ಜನಾಂಗವನ್ನು ನಿಶ್ಶಸ್ತ್ರಗೊಳಿಸಿದ ಈ ಕಾಯಿದೆಯನ್ನು ಬ್ರಿಟಿಷರ ದೊಡ್ಡ ಅಪರಾಧಗಳಲ್ಲಿ ಎಣಿಸಿದ್ದರು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ಸ್ವತಂತ್ರ ಭಾರತದ ಹಕ್ಕುಗಳ ಪಟ್ಟಿ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿತ್ತು.

ಹೀಗಿದ್ದೂ ಆ ಹಕ್ಕು ಸಂವಿಧಾನಕ್ಕೆ ಬರಲಿಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದನ್ನು ಎತ್ತಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಕರಾಚಿಯ ಮಾತನ್ನು ಉಳಿಸಿಕೊಳ್ಳೋಣ ಎಂದು ಅವರು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಮೂಲಭೂತ ಹಕ್ಕು ಎಂದು ಬರೆದುಬಿಟ್ಟರೆ ಕಳ್ಳಕಾಕರೂ ಅದನ್ನೇ ಕೇಳಿಯಾರು, ಯಾರಿಗೆ ಕೊಡಬೇಕು ಯಾರಿಗೆ ಬಾರದು ಎಂದು ನೋಡುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು ಎಂಬುದು ಅವರ ವಾದವಾಗಿತ್ತು. ಹತ್ತೊಂಬತ್ತನೆಯ ವಿಧಿ ನಮಗೆ ಸಭೆ ಸೇರುವ ಹಕ್ಕು ಕೊಟ್ಟಿದೆ, ಆದರೆ ಶಾಂತವಾಗಿ, ಆಯುಧವಿಲ್ಲದೆ ಎಂದೂ ಸೇರಿಸಿದೆ.

ಮುಂದೆ 1959ರಲ್ಲಿ ನಮ್ಮದೇ ಶಸ್ತ್ರ ಕಾಯಿದೆ ಆಯಿತು. 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅದರ ಹದಿಮೂರನೆಯ ಕಲಮನ್ನು ಓದಿದಾಗ ನನಗೆ ಅಪ್ಪಯ್ಯನ ಕೋವಿ ಕಂಡಂತಾಯಿತು. ನಿಜವಾಗಿ ಬೆಳೆ ಕಾಯುವುದಕ್ಕಾಗಿ ಬಾಯಿಂದ ಮದ್ದು ತುಂಬುವ ಕೋವಿ ಕೇಳುವವನಿಗೆ ಪರವಾನಗಿ ಕೊಡಬೇಕು ಎಂದು ಅಲ್ಲಿದೆ. ಆಸ್ತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದು ಎಂದೂ ಮುಂದಿನ ಕಲಮು ಹೇಳುತ್ತದೆ. ಬಡ ರೈತನನ್ನು ನೆನೆದು ಬರೆದ ಮಾತುಗಳಿವು. ಆದರೆ ಕೊಡುವ ಮೊದಲು ಹತ್ತಿರದ ಠಾಣೆಯ ವರದಿ ತರಿಸಿಕೊಳ್ಳಬೇಕು. ಸಾರ್ವಜನಿಕ ಶಾಂತಿಗೆ ಧಕ್ಕೆ ಎಂದು ಕಂಡರೆ ಕೊಡದೆ ಇರಬಹುದು. ಅಂದರೆ ಕೋವಿ ನಮ್ಮಲ್ಲಿ ಹಕ್ಕಲ್ಲ, ಒಪ್ಪಿಗೆ. ಆ ಒಪ್ಪಿಗೆಯ ಬಾಗಿಲಲ್ಲಿ ಪೊಲೀಸರು ನಿಂತಿದ್ದಾರೆ.

ಪೊಲೀಸರಿಗೆ ಕೋವಿ ಎಂದರೆ ಅನುಮಾನ ಯಾಕೆ? ಬ್ರಿಟಿಷರ ಕಾಲದಲ್ಲಿ ಕಾರಣ ಸ್ಪಷ್ಟವಿತ್ತು. ಅವರು ಜನರಿಗೇ ಹೆದರಿದ್ದರು. ಆ ಹೆದರಿಕೆಯನ್ನು ನಮ್ಮ ತಾಲ್ಲೂಕು ಕಣ್ಣಾರೆ ಕಂಡಿದೆ. ಶಿಕಾರಿಪುರದ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿ ಹುಡುಗರನ್ನೇ ತನ್ನ ಅಮಲ್ದಾರ, ತನ್ನ ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡಿತು. ಆ ಸೆಪ್ಟೆಂಬರಿನಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಊರಿಗೆ ಬಂದಾಗ ಘರ್ಷಣೆಯಾಗಿ ಇಬ್ಬರೂ ಪ್ರಾಣ ಕಳೆದುಕೊಂಡರು. ಆಮೇಲೆ ಊರಿನ ಮೇಲೆ ಬಿದ್ದ ಪಡೆಗೆ ಹೆದರಿ ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು. ಹೆಂಗಸರೂ ಜೈಲು ಕಂಡರು. ಈ ಪಾಠ ಮಾಡುವಾಗಲೆಲ್ಲ ನನಗೆ ಸತ್ತ ಆ ಇಬ್ಬರು ಅಧಿಕಾರಿಗಳ ಮನೆಯ ಹೆಂಗಸರೂ ನೆನಪಾಗುತ್ತಾರೆ. ಅವರ ಹೆಸರು ಯಾವ ಕಲ್ಲಿನ ಮೇಲೂ ನಾನು ಕಂಡಿಲ್ಲ.

ಹಾಗೆಂದು ಬ್ರಿಟಿಷರು ಎಲ್ಲರ ಕೈಯಿಂದಲೂ ಕೋವಿ ಕಿತ್ತುಕೊಳ್ಳಲಿಲ್ಲ. 1861ರಲ್ಲಿ ಕೊಡವರಿಗೂ ಜಮ್ಮಾ ಭೂಮಿ ಹಿಡಿದವರಿಗೂ ಕಮೀಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ತಮಗೆ ನಿಷ್ಠರಾದವರೆಂಬ ನಂಬಿಕೆ ಅದಕ್ಕೆ ಕಾರಣ. ಆ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಒಂದು ಸಮುದಾಯಕ್ಕೆ ಮಾತ್ರ ಯಾಕೆ ಎಂದು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವೇರಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ವಾಡಿಕೆ. ಹೆಣ್ಣು ಹುಟ್ಟಿದರೆ ಕೋವಿ ಸುಮ್ಮನಿರುತ್ತಿತ್ತು ಎಂದು ಕೇಳಿದಾಗ ನನಗೆ ಏನೋ ಹೊಳೆದಂತಾಯಿತು. ಅದು ಏನೆಂದು ಆಮೇಲೆ ಹೇಳುತ್ತೇನೆ.

ದೂರದ ಅಮೆರಿಕದ ಕತೆ ಇದಕ್ಕೆ ತಿರುಗುಮುರುಗು. 1791ರಿಂದ ಅಲ್ಲಿ ಆಯುಧ ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು. ಈಚಿನ ವರ್ಷಗಳಲ್ಲಿ ಒಂದೊಂದೇ ರಾಜ್ಯ, ಪರವಾನಗಿ ಇಲ್ಲದೆಯೂ ಪಿಸ್ತೂಲನ್ನು ಬಳಿಯಲ್ಲಿಟ್ಟುಕೊಂಡು ತಿರುಗಬಹುದು ಎಂದು ಕಾನೂನು ಮಾಡುತ್ತಾ ಬಂತು. 2024ರ ಹೊತ್ತಿಗೆ ಅಂಥ ರಾಜ್ಯಗಳು 29 ಆದವು. 2021ರಲ್ಲಿ ಟೆಕ್ಸಾಸ್ ಇದೇ ಕಾನೂನು ತರುವಾಗ ಬೇಡ ಎಂದು ಮುಂದೆ ಬಂದವರಲ್ಲಿ ದೊಡ್ಡ ನಗರಗಳ ಪೊಲೀಸ್ ಮುಖ್ಯಸ್ಥರೂ ಇದ್ದರು. ಯಾರ ಸೊಂಟದಲ್ಲಿ ಏನಿದೆಯೋ ತಿಳಿಯದೆ ಪೇದೆ ಹೇಗೆ ಕೆಲಸ ಮಾಡಬೇಕು ಎಂಬುದು ಅವರ ಚಿಂತೆ. ಶಾಸಕರು ಕೇಳಲಿಲ್ಲ, ಕಾನೂನು ಆಯಿತು. ಅಲ್ಲಿ ಜನ ಹಕ್ಕು ಎನ್ನುತ್ತಾರೆ, ಪೊಲೀಸರು ಬೇಡ ಎನ್ನುತ್ತಾರೆ. ಇಲ್ಲಿ ಪೊಲೀಸರು ಬೇಡ ಎಂದರೆ ಬಹುಮಟ್ಟಿಗೆ ಮಾತು ಮುಗಿಯಿತು.

ನಮ್ಮ ಕಡೆ ಈ ಜಗಳ ಎದ್ದು ಕಾಣುವುದು ಚುನಾವಣೆಯಲ್ಲಿ. ಚುನಾವಣೆ ಘೋಷಣೆಯಾದೊಡನೆ ಕೋವಿ ಠಾಣೆಗೆ ಒಪ್ಪಿಸಿ ರಸೀತಿ ತರಬೇಕು. ಮತ ಎಣಿಸಿದ ಮೇಲೆ ಹಿಂದಕ್ಕೆ ಪಡೆಯಬೇಕು. 2018ರ ಶಿವಮೊಗ್ಗ ಲೋಕಸಭಾ ಉಪಚುನಾವಣೆ ನಡೆದದ್ದು ನವೆಂಬರ್ 3ರಂದು. ಭತ್ತ ಬಲಿತು ಬಾಗಿದ ಹೊತ್ತು! ಹಂದಿಗಳಿಗೆ ನೀತಿ ಸಂಹಿತೆ ಗೊತ್ತಿಲ್ಲವಲ್ಲ. ಅಣ್ಣ ಡಬ್ಬ ಬಡಿಯುತ್ತಾ ಮಾಳದಲ್ಲಿ ಕೂತ. 2024ರಲ್ಲಿ ಮಾರ್ಚ್ 16ಕ್ಕೆ ಘೋಷಣೆಯಾಗಿ ಜೂನ್ 4ಕ್ಕೆ ಎಣಿಕೆ. ಹೆಚ್ಚುಕಡಿಮೆ 80 ದಿನ ಕೋವಿ ಮನೆಯಲ್ಲಿರಲಿಲ್ಲ. ಎಲ್ಲರಿಂದಲೂ ಕಣ್ಣುಮುಚ್ಚಿ ಆಯುಧ ಇರಿಸಿಕೊಳ್ಳಬಾರದು, ಒಬ್ಬೊಬ್ಬರ ವಿಷಯ ನೋಡಿ ತೀರ್ಮಾನಿಸಬೇಕು ಎಂದು 2009ರಲ್ಲೇ ಬಾಂಬೆ ಹೈಕೋರ್ಟ್ ಹೇಳಿದೆ. ಅದಕ್ಕೆಂದು ಜಿಲ್ಲೆಗೊಂದು ಪರಿಶೀಲನಾ ಸಮಿತಿಯೂ ಇರಬೇಕು. ಆದರೆ ಹಳ್ಳಿಯ ರೈತ ಸಮಿತಿಯ ಮುಂದೆ ಹೋಗುವುದಕ್ಕಿಂತ ಬಸ್ಸು ಹತ್ತಿ ಠಾಣೆಗೆ ಹೋಗುವುದೇ ಸುಲಭ ಎಂದುಕೊಳ್ಳುತ್ತಾನೆ.

ಪೊಲೀಸ್ ಇಲಾಖೆ ಸೇರಿದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಮದುವೆಮನೆಯಲ್ಲಿ ಸಿಕ್ಕಿದ್ದ. ಊಟಕ್ಕೆ ಕೂತಾಗ ರೈತರ ಪರವಾಗಿ ಅವನಿಗೆ ಒಂದು ಸಣ್ಣ ಪಾಠವನ್ನೇ ಮಾಡಿಬಿಟ್ಟೆ. ಅವನು ತಾಳ್ಮೆಯಿಂದ ಕೇಳಿ, "ಟೀಚರ್, ನೀವು ಹೇಳೋದು ಸರಿ. ಆದ್ರೆ ನಮಗೆ ಓಟಿನ ಜಗಳಕ್ಕಿಂತ, ಕಳ್ಳರಿಗಿಂತ ಹೆದರಿಕೆ ಮನೆಯೊಳಗಿನ ಕೋವೀದು. ಕುಡಿದು ಬಂದ ರಾತ್ರಿ ಗೋಡೆ ಮೇಲೆ ಕೈಗೆ ಸಿಗೋ ಹಾಗಿರುತ್ತಲ್ಲ, ಅದು" ಎಂದ. ನಾನು ಸುಮ್ಮನಾದೆ. ಬಾಯಿಗೆ ಹೋಗುತ್ತಿದ್ದ ಹೋಳಿಗೆ ಎಲೆಯಲ್ಲೇ ಉಳಿಯಿತು.

ಏಕೆಂದರೆ ಅವನಿಗೆ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಅಪ್ಪಯ್ಯ ತೀರಿಕೊಂಡ ಮೇಲೆ ಕೋವಿ ಅಣ್ಣನ ಹೆಸರಿಗೆ ಆಯಿತು. ಅಣ್ಣ ಒಳ್ಳೆಯವನೇ. ಆದರೆ ಶುಂಠಿ ಬೆಳೆದು ಸಾಲ ತಲೆಗೆ ಬಂದ ಎರಡು ವರ್ಷ ಕುಡಿತ ಹಿಡಿದ. ಒಂದು ರಾತ್ರಿ ದಾಯಾದಿಯ ಜೊತೆ ಬೇಲಿಯ ಜಗಳವಾಡಿ ಬಂದವನು ಗೂಟದಿಂದ ಕೋವಿ ತೆಗೆದ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. ಕೇಪಿನ ಡಬ್ಬಿ ಹುಡುಕಿ ಹುಡುಕಿ ಸಿಗದೆ ಅಣ್ಣ ಕೂಗಾಡಿ ಮಲಗಿದ. ಡಬ್ಬಿ ಅಕ್ಕಿಯ ಕಣಜದಲ್ಲಿತ್ತು. ಸಂಜೆಯೇ ಅವಳು ಅದನ್ನು ಅಲ್ಲಿ ಹೂತಿಟ್ಟಿದ್ದಳು. ಬೆಳಿಗ್ಗೆ ಎದ್ದ ಅಣ್ಣನಿಗೆ ನೆನಪೇ ಇರಲಿಲ್ಲ.

ಅದಾದ ವರ್ಷವೇ ಪರವಾನಗಿ ನವೀಕರಣಕ್ಕೆಂದು ಪೊಲೀಸರು ವಿಚಾರಣೆಗೆ ಬಂದರು. ನಾನು ರಜೆಗೆ ಹೋಗಿದ್ದೆ. ಪಕ್ಕದ ಮನೆಯವರನ್ನು ಕೇಳಿದರು, ಪಂಚಾಯ್ತಿ ಮೆಂಬರನ್ನು ಕೇಳಿದರು. ನಡತೆ ಹೇಗೆ, ಕೇಸು ಇದೆಯೇ, ಹಗೆ ಇದೆಯೇ ಎಂದರು. ಎಲ್ಲರೂ ಒಳ್ಳೆಯ ಮಾತೇ ಹೇಳಿದರು. ಅತ್ತಿಗೆ ಚಹಾ ಕೊಟ್ಟಳು. ಅವಳನ್ನು ಕೇಳಿದ್ದು ಒಂದೇ, ಸಕ್ಕರೆ ಇನ್ನು ಸ್ವಲ್ಪ ಇದೆಯೇ ಎಂದು. ಅವರು ಹೋದ ಮೇಲೆ ಲೋಟ ತೊಳೆಯುತ್ತಾ, "ಊರಿಗೆಲ್ಲ ಕೇಳಿದ್ರು. ನನ್ನೊಬ್ಬಳನ್ನ ಬಿಟ್ರು ನೋಡೇ" ಎಂದಳು.

ಕೊಡಗಿನ ಗುಂಡಿನ ಲೆಕ್ಕ ಕೇಳಿದಾಗ ನನಗೆ ಹೊಳೆದದ್ದು ಇದೇ. ಕೋವಿಯ ಇತಿಹಾಸದಲ್ಲಿ ದೊರೆಯ ಭಯ ಇದೆ, ರೈತನ ಬೆಳೆ ಇದೆ, ಮತಗಟ್ಟೆಯ ಶಾಂತಿ ಇದೆ, ಗಂಡು ಮಗುವಿನ ಹುಟ್ಟೂ ಇದೆ. ಕೋವಿ ನೇತುಹಾಕಿದ ಗೋಡೆಯ ಕೆಳಗೆ ಹಾಸಿಗೆ ಹಾಸುವವಳು ಇಲ್ಲ. ಕೆನಡಾ ದೇಶದಲ್ಲಿ ಕೋವಿಯ ಪರವಾನಗಿಗೆ ಅರ್ಜಿ ಹಾಕಿದರೆ ಅದರಲ್ಲಿ ಹೆಂಡತಿಯ ಸಹಿಗೂ ಜಾಗ ಇದೆಯಂತೆ. ಸಹಿ ಇಲ್ಲದಿದ್ದರೆ ಅಧಿಕಾರಿಗಳೇ ಅವಳಿಗೆ ತಿಳಿಸಬೇಕು. ಅವಳಿಗೆ ಅಂಜಿಕೆ ಇದ್ದರೆ ಹೇಳಿಕೊಳ್ಳಲು ದಾರಿ ಇದೆ. ನಮ್ಮಲ್ಲೂ ಕಾನೂನು ಬದಲಾಗುತ್ತಾ ಬಂದಿದೆ. 2016ರ ನಿಯಮಗಳು ಹೊಸದಾಗಿ ಕೋವಿ ಕೇಳುವವರಿಗೆ ತರಬೇತಿ ಬೇಕೆಂದವು. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ ಎಂದಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಅಂದರೆ ವಿಚಾರಣೆಗೆ ಪೊಲೀಸರು ಬರುವುದು ಇನ್ನೂ ತಡ. ಬಂದಾಗ ಅಡುಗೆಮನೆಯ ಬಾಗಿಲಿಗೂ ಒಂದು ಮಾತು ಕೇಳಿದರೆ ಯಾವ ರೈತನ ಹಕ್ಕೂ ಕಡಿಮೆಯಾಗದು.

ಮರುದಿನ ತರಗತಿಯಲ್ಲಿ ಹುಡುಗನಿಗೆ ಉತ್ತರ ಹೇಳಿದೆ. "ಲೈಸೆನ್ಸು ಅಂದ್ರೆ ಕೊಟ್ಟದ್ದಲ್ಲ ಕಣೋ, ನಂಬಿದ್ದು. ನಂಬಿಕೇನ ಆಗಾಗ ನೋಡ್ತಾ ಇರ್ತಾರೆ" ಎಂದೆ. ಅವನಿಗೆ ಅರ್ಧ ತೃಪ್ತಿಯಾಯಿತು. ಉಳಿದರ್ಧವನ್ನು ಹುಡುಗಿಯರ ಕಡೆ ತಿರುಗಿ ಹೇಳಬೇಕೆನಿಸಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅಣ್ಣ ಈಗ ಕುಡಿಯುವುದಿಲ್ಲ. ಸಾಲವೂ ತೀರಿದೆ. 2024ರ ಜೂನಿನಲ್ಲಿ ಕೋವಿ ಮನೆಗೆ ಬಂದ ದಿನ ನಾನು ಅಲ್ಲೇ ಇದ್ದೆ. ಮಂಗಗಳು ತೋಟದ ಬಾಳೆಗೊನೆಯನ್ನೆಲ್ಲ ಮುಗಿಸಿವೆ ಎಂದು ಅಣ್ಣ ಲೆಕ್ಕ ಹೇಳುತ್ತಾ ಕೋವಿಯನ್ನು ಒರೆಸಿ ಗೂಟದ ಮೇಲಿಟ್ಟ. ಅತ್ತಿಗೆ ಏನೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ, ಅವನು ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಕೇಪಿನ ಡಬ್ಬಿಯನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಕಣಜದ ಕಡೆ ನಡೆದಳು.

"ಇನ್ನೂ ಇಡ್ತೀಯಾ ಅತ್ತಿಗೆ?" ಎಂದೆ.

"ಬಾಳೆ ಹೋಯ್ತು, ನಿಜ," ಎಂದಳು ಅವಳು. "ಆದ್ರೆ ಆ ಎಂಬತ್ತು ದಿನ ಚೆನ್ನಾಗಿ ನಿದ್ದೆ ಬಂತು."