ಮಾರ್ಕ್ ಟ್ವೇನ್ ಸಮಗ್ರ ಕೃತಿಗಳು: ಸಾಲದಿಂದ ಸಂಪಾದನೆಯವರೆಗೆ

1899ರಲ್ಲಿ 22 ಸಂಪುಟ, 1922ರಿಂದ 1925ರ ನಡುವೆ 37, 1996ರಲ್ಲಿ 29. ಮಾರ್ಕ್ ಟ್ವೇನ್ ಬರೆದದ್ದನ್ನೆಲ್ಲ ಒಟ್ಟುಗೂಡಿಸುವುದಾಗಿ ಹೊರಟ ಮಾಲೆಗಳಲ್ಲಿ ಕೆಲವುಗಳ ಲೆಕ್ಕ ಇದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1960ರ ದಶಕದಲ್ಲಿ ಕೈಹಾಕಿದ ಆವೃತ್ತಿ ಇನ್ನೂ ಮುಗಿದಿಲ್ಲ. ತೀರಿಕೊಂಡು ನೂರು ವರ್ಷ ದಾಟಿದ ಲೇಖಕನ ಬರಹ ಇಷ್ಟು ಸಲ ಹಿಗ್ಗುವುದೂ ಕುಗ್ಗುವುದೂ ಏಕೆ? ಟ್ವೇನ್ ಏನು ಬರೆದ ಎಂಬುದರಷ್ಟೇ, ಬರೆದದ್ದು ಯಾವಾಗ ಯಾರ ಕೈಯಲ್ಲಿತ್ತು ಎಂಬುದೂ ಅವನ ‘ಸಮಗ್ರ’ವನ್ನು ನಿರ್ಧರಿಸಿದೆ. ಸಾಲಗಾರರು, ಪ್ರಕಾಶಕರು, ಮಗಳು, ಜೀವನಚರಿತ್ರೆಕಾರ, ಪ್ರೊಫೆಸರರು ಎಲ್ಲರೂ ಇದರಲ್ಲಿ ಪಾಲುದಾರರು.

ಸಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್ (1835–1910) ಮಾರ್ಕ್ ಟ್ವೇನ್ ಆಗಿ ಮನೆಮಾತಾದದ್ದು ಪುಸ್ತಕದಂಗಡಿಗಳ ಮೂಲಕ ಅಲ್ಲ. ‘ದಿ ಇನೊಸೆಂಟ್ಸ್ ಅಬ್ರಾಡ್’ (1869) ಪ್ರಕಟಿಸಿದ ಹಾರ್ಟ್‌ಫರ್ಡ್‌ನ ಅಮೆರಿಕನ್ ಪಬ್ಲಿಷಿಂಗ್ ಕಂಪನಿ ಚಂದಾ ಪದ್ಧತಿಯಲ್ಲಿ ಪುಸ್ತಕ ಮಾರುತ್ತಿತ್ತು. ಏಜೆಂಟರು ಒಂದು ಮಾದರಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಅದರಲ್ಲಿ ಆಯ್ದ ಪುಟಗಳು, ಚಿತ್ರಗಳು, ಬೈಂಡಿನ ನಮೂನೆಗಳು, ಕೊನೆಯಲ್ಲಿ ಗಿರಾಕಿಯ ಹೆಸರು ಬರೆದುಕೊಳ್ಳಲು ಗೆರೆ ಹೊಡೆದ ಖಾಲಿ ಹಾಳೆಗಳು. ಪುಸ್ತಕದಂಗಡಿಯ ಮುಖವನ್ನೇ ನೋಡದ ಹಳ್ಳಿಗಾಡಿನ ರೈತ ಅಷ್ಟು ಡಾಲರ್ ಕೊಟ್ಟಮೇಲೆ ಕೈಗೆ ಭಾರ ಹತ್ತಬೇಕು, ಚಿತ್ರ ತುಂಬಿರಬೇಕು. ಮೊದಲ ವರ್ಷ ಸುಮಾರು 70 ಸಾವಿರ ಪ್ರತಿ ಹೋದ ಆ ಪುಸ್ತಕ ಆರುನೂರು ಪುಟ ದಾಟಿದ್ದಕ್ಕೆ ಕಾರಣ ಇಲ್ಲಿದೆ. ‘ರಫಿಂಗ್ ಇಟ್’ (1872) ತೂಕಕ್ಕೆ ಸಾಲದೆ ಬಂದಾಗ, 1866ರಲ್ಲಿ ಸ್ಯಾಕ್ರಮೆಂಟೊ ಪತ್ರಿಕೆಗೆ ಹವಾಯಿ ದ್ವೀಪಗಳಿಂದ ಬರೆದ ಪತ್ರಗಳನ್ನು ತಿದ್ದಿ ಅದರ ಬಾಲಕ್ಕೆ ಸೇರಿಸಲಾಯಿತು. ಆ ಕೃತಿಯ ಕೊನೆಯ ಭಾಗ ಸಡಿಲವಾಗಿದೆ ಎಂದು ದೂರುವ ವಿಮರ್ಶಕರು ಏಜೆಂಟನ ಚೀಲವನ್ನೂ ಸ್ವಲ್ಪ ನೆನೆಯುವುದು ಒಳ್ಳೆಯದು.

ಇನ್ನೊಂದು ಕಡೆ ಕಳ್ಳ ಮುದ್ರಣ. 1876ರಲ್ಲಿ ಟೊರಾಂಟೊದ ಬೆಲ್‌ಫರ್ಡ್ ಸೋದರರು ‘ಟಾಮ್ ಸಾಯರ್’ ಕಾದಂಬರಿಯನ್ನು ಅಮೆರಿಕದ ಆವೃತ್ತಿಗಿಂತ ಮೊದಲೇ ಅಚ್ಚುಹಾಕಿ ಗಡಿಯಾಚೆ ಅಗ್ಗಕ್ಕೆ ಹರಿಯಬಿಟ್ಟರು. ಹಕ್ಕುಸ್ವಾಮ್ಯದ ವಿಷಯದಲ್ಲಿ ಟ್ವೇನ್ ಜೀವಮಾನವಿಡೀ ಕಾದಾಡಿದ್ದಕ್ಕೆ ಇಂಥ ಗಾಯಗಳೇ ಕಾರಣ. ಪ್ರಕಾಶಕರನ್ನು ನಂಬಿ ಸಾಕಾದ ಅವನು 1884ರಲ್ಲಿ ಸೋದರ ಸೊಸೆಯ ಗಂಡನ ಹೆಸರಿನಲ್ಲಿ ಚಾರ್ಲ್ಸ್ ಎಲ್. ವೆಬ್‌ಸ್ಟರ್ ಕಂಪನಿ ತೆರೆದ. ‘ಹಕಲ್‌ಬರಿ ಫಿನ್’ ಅಲ್ಲಿಂದಲೇ ಬಂತು. ಮಾಜಿ ಅಧ್ಯಕ್ಷ ಗ್ರಾಂಟ್‌ನ ಆತ್ಮಕಥನ ಪ್ರಕಟಿಸಿ, 1886ರಲ್ಲಿ ಅವನ ವಿಧವೆಗೆ ಎರಡು ಲಕ್ಷ ಡಾಲರಿನ ಚೆಕ್ ಬರೆದುಕೊಟ್ಟಾಗ ಕಂಪನಿ ಗೆದ್ದಿತೆಂದೇ ಎಲ್ಲರೂ ತಿಳಿದರು. ಆದರೆ ಜೇಮ್ಸ್ ಪೇಜ್ ಎಂಬಾತನ ಅಚ್ಚುಮೊಳೆ ಜೋಡಿಸುವ ಯಂತ್ರಕ್ಕೆ ಟ್ವೇನ್ ಲಕ್ಷಾಂತರ ಡಾಲರ್ ಸುರಿದಿದ್ದ. ಯಂತ್ರ ಕೈಕೊಟ್ಟಿತು. 1894ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯಾಯಿತು.

ಸಮಗ್ರ ಕೃತಿಗಳ ಕಥೆ ನಿಜವಾಗಿ ಶುರುವಾಗುವುದು ಈ ದಿವಾಳಿಯಿಂದ. ಸ್ಟ್ಯಾಂಡರ್ಡ್ ಆಯಿಲ್‌ನ ಹೆನ್ರಿ ರೋಜರ್ಸ್ ಮಧ್ಯೆ ಬಂದು ಟ್ವೇನ್‌ನ ಕೃತಿಗಳ ಹಕ್ಕುಗಳನ್ನು ಅವನ ಹೆಂಡತಿ ಒಲಿವಿಯಾಳ ಹೆಸರಿಗೆ ಮಾಡಿಸಿದ. ವೆಬ್‌ಸ್ಟರ್ ಕಂಪನಿಗೆ ಆಕೆಯೇ ದೊಡ್ಡ ಸಾಲದಾತೆ ಎಂಬುದು ಅವನ ವಾದ. ಉಳಿದವರ ಬಾಕಿಯನ್ನೂ ಪೈಸೆ ಬಿಡದೆ ತೀರಿಸುತ್ತೇನೆಂದು ಟ್ವೇನ್ 1895ರಲ್ಲಿ ಭಾಷಣ ಪ್ರವಾಸಕ್ಕೆ ಹೊರಟ. 1896ರ ಜನವರಿಯಲ್ಲಿ ಮುಂಬಯಿಯಲ್ಲಿ ಇಳಿದು ಪುಣೆ, ಅಲಹಾಬಾದ್, ಕಾಶಿ, ಕಲ್ಕತ್ತ, ಡಾರ್ಜಿಲಿಂಗ್, ಲಖನೌ, ಆಗ್ರಾ, ಲಾಹೋರ್ ಸುತ್ತಿದ. ನಮ್ಮ ದೇಶದ ಬಗ್ಗೆ ಅಷ್ಟೊಂದು ಪುಟಗಳಿರುವ ‘ಫಾಲೋಯಿಂಗ್ ದಿ ಈಕ್ವೇಟರ್’ (1897) ಈ ಪ್ರವಾಸದ ಫಲ. ಅದರ ಇಂಗ್ಲೆಂಡ್ ಆವೃತ್ತಿಯನ್ನು ಚಾಟೊ ಅಂಡ್ ವಿಂಡಸ್ ಸಂಸ್ಥೆ ಅದೇ ವರ್ಷ ‘ಮೋರ್ ಟ್ರ್ಯಾಂಪ್ಸ್ ಅಬ್ರಾಡ್’ ಎಂಬ ಬೇರೆ ಹೆಸರಿನಲ್ಲಿ ತಂದಿತು. ಎರಡರ ಪಾಠವೂ ಪೂರ್ತಿ ಒಂದೇ ಅಲ್ಲ. ಟ್ವೇನ್ ಭಾರತವನ್ನು ಹೇಗೆ ಕಂಡ ಎಂದು ಬರೆಯುವ ನಮ್ಮ ಸಂಶೋಧಕರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ್ದು ಕಡಿಮೆ.

1898ರ ಹೊತ್ತಿಗೆ ಸಾಲ ತೀರಿತು. ಆಗ ಅವನ ಕೃತಿಗಳಲ್ಲಿ ಕೆಲವು ಹಾರ್ಪರ್ ಸಂಸ್ಥೆಯ ಕೈಯಲ್ಲಿ, ಕೆಲವು ಹಾರ್ಟ್‌ಫರ್ಡ್ ಕಂಪನಿಯ ಕೈಯಲ್ಲಿ. ರೋಜರ್ಸ್ ಕುದುರಿಸಿದ ಒಪ್ಪಂದದಿಂದ ಎರಡೂ ಪಾಲು ಒಂದಾಗಿ, 1899ರಿಂದ 22 ಸಂಪುಟಗಳ ಏಕರೂಪ ಆವೃತ್ತಿ ಹೊರಡಲು ದಾರಿಯಾಯಿತು. ಮೊದಲ ಸಂಪುಟಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರ್ಯಾಂಡರ್ ಮ್ಯಾಥ್ಯೂಸ್ ವಿಮರ್ಶಾತ್ಮಕ ಪರಿಚಯ ಬರೆದ. ವಿಯೆನ್ನಾದಲ್ಲಿದ್ದ ಟ್ವೇನ್ ಒಂದು ಮುನ್ನುಡಿ ಬರೆದುಕೊಟ್ಟ. ಅದು ಮುನ್ನುಡಿಗಳನ್ನೇ ಗೇಲಿ ಮಾಡುವ ಮುನ್ನುಡಿ. ಅದೇ ಅಚ್ಚಿನಿಂದ ಬೇರೆಬೇರೆ ಕಾಗದ, ಬೇರೆಬೇರೆ ಬೈಂಡು, ಬೇರೆಬೇರೆ ಹೆಸರು ಕೊಟ್ಟು ಆಟೋಗ್ರಾಫ್, ರಾಯಲ್, ಅಂಡರ್‌ವುಡ್, ರಿವರ್‌ಡೇಲ್, ಹಿಲ್‌ಕ್ರೆಸ್ಟ್ ಎಂದು ಮಾಲೆಗಳು ಒಂದರ ಹಿಂದೊಂದು ಬಂದವು. ಟ್ವೇನ್ ಸಹಿ ಹಾಕಿದ ಆಟೋಗ್ರಾಫ್ ಆವೃತ್ತಿ 512 ಸೆಟ್ಟುಗಳಿಗೆ ಸೀಮಿತ. ಇದನ್ನು ಲೇಖಕನೇ ಕೂತು ಪರಿಷ್ಕರಿಸಿದ ಅಂತಿಮ ಪಾಠ ಎಂದು ಎಷ್ಟೋ ಕಾಲ ನಂಬಲಾಗಿತ್ತು. ಮುಂದೆ ಪದಪದವಾಗಿ ಹೋಲಿಸಿ ನೋಡಿದವರಿಗೆ ಅದರಲ್ಲಿ ಟ್ವೇನ್‌ನ ಕೈಗಿಂತ ಅಚ್ಚುಕೂಟದ ಕೈಯೇ ಹೆಚ್ಚಾಗಿ ಕಂಡಿತು. ಗೌರವದ ಸಂಪುಟ ಎಂಬ ವೇಷದಲ್ಲಿ ಇದು ಮೂಲತಃ ಒಂದು ವ್ಯಾಪಾರದ ಏರ್ಪಾಡು. ಹಾಗೆಂದು ಅದನ್ನು ಹಳಿಯಬೇಕಾಗಿಲ್ಲ. ದಿವಾಳಿಯೆದ್ದ ಲೇಖಕನೊಬ್ಬ ಅದರಿಂದ ಮತ್ತೆ ನೆಲೆ ಕಂಡ.

1903ರ ಒಪ್ಪಂದದಲ್ಲಿ ಹಾರ್ಪರ್ ಎಲ್ಲ ಹಕ್ಕುಗಳನ್ನೂ ತನ್ನದಾಗಿಸಿಕೊಂಡು ಐದು ವರ್ಷ, ವರ್ಷಕ್ಕೆ 25 ಸಾವಿರ ಡಾಲರಿನ ಖಾತರಿ ಕೊಟ್ಟಿತು. ಹಣದ ಚಿಂತೆ ಕಳೆಯಿತಾದರೂ ಬೇರೆಡೆ ಪ್ರಕಟಿಸುವ ಬಾಗಿಲು ಮುಚ್ಚಿತು. 1905ರಲ್ಲಿ ಬರೆದ ‘ದಿ ವಾರ್ ಪ್ರೇಯರ್’ ಮಹಿಳೆಯರ ಪತ್ರಿಕೆಗೆ ಹೊಂದುವುದಿಲ್ಲವೆಂದು ‘ಹಾರ್ಪರ್ಸ್ ಬಜಾರ್’ ಹಿಂದಿರುಗಿಸಿತು. ಅದು ಅವನ ಸಂಪುಟವೊಂದರಲ್ಲಿ ಸೇರಿದ್ದು 1923ರಲ್ಲಿ, ಮಹಾಯುದ್ಧ ಮುಗಿದು ಐದು ವರ್ಷ ಕಳೆದ ಮೇಲೆ. 1906ರ ಡಿಸೆಂಬರಿನಲ್ಲಿ ಟ್ವೇನ್ ಬಿಳಿ ಸೂಟು ಧರಿಸಿ ವಾಷಿಂಗ್ಟನ್ನಿನಲ್ಲಿ ಸಂಸತ್ ಸಮಿತಿಯ ಮುಂದೆ ಹಕ್ಕುಸ್ವಾಮ್ಯದ ಅವಧಿ ಹೆಚ್ಚಿಸಿರೆಂದು ವಾದಿಸಿದ. ಆಗಿನ ಕಾನೂನಿನಲ್ಲಿ ಅದು 28 ಮತ್ತು 14, ಒಟ್ಟು 42 ವರ್ಷ. ಹಳೆಯ ಪುಸ್ತಕಗಳಿಗೆ ಆತ್ಮಕಥೆಯ ತುಣುಕುಗಳನ್ನು ಪೋಣಿಸಿ, ಹೊಸ ಆವೃತ್ತಿ ಎಂದು ಹೇಳಿ ಹಕ್ಕು ಉಳಿಸಿಕೊಳ್ಳುವ ಉಪಾಯವನ್ನೂ ಅವನು ಹೂಡಿದ್ದ.

ಟ್ವೇನ್ 1910ರ ಏಪ್ರಿಲ್ 21ರಂದು ತೀರಿಕೊಂಡ. ಅವನ ಕಾಗದಪತ್ರಗಳ ಮೇಲ್ವಿಚಾರಣೆ ಆಲ್ಬರ್ಟ್ ಬಿಗಲೋ ಪೇನ್ ಕೈಗೆ ಬಂತು. ಪೇನ್ 1912ರಲ್ಲಿ ಮೂರು ಸಂಪುಟಗಳ ಜೀವನಚರಿತ್ರೆ ಬರೆದ, ಪತ್ರಗಳನ್ನು ಸಂಪಾದಿಸಿದ, ಗೇಬ್ರಿಯಲ್ ವೆಲ್ಸ್ 1922ರಿಂದ ತಂದ ‘ಡೆಫಿನಿಟಿವ್ ಎಡಿಷನ್’ಗೆ ಬೆನ್ನೆಲುಬಾದ. 1,024 ಸೆಟ್ಟುಗಳ ಆ ಆವೃತ್ತಿಯಲ್ಲಿ ಲೇಖಕನ ಸಹಿ ಇದೆ. ಸತ್ತು ಹನ್ನೆರಡು ವರ್ಷವಾದವನ ಸಹಿ ಹೇಗೆ ಬಂತೆಂದರೆ, 1906ರಲ್ಲೇ ಟ್ವೇನ್ ಹಾಳೆಗಳಿಗೆ ಸಹಿ ಹಾಕಿಟ್ಟಿದ್ದ. 1929ರ ಹಾರ್ಪರ್‌ನ ಸ್ಟಾರ್ಮ್‌ಫೀಲ್ಡ್ ಆವೃತ್ತಿಯೂ 37 ಸಂಪುಟಗಳದೇ.

ಪೇನ್‌ಗೆ ಟ್ವೇನ್ ಮೇಲೆ ಪ್ರೀತಿ ಇತ್ತು, ಅನುಮಾನವಿಲ್ಲ. ಆದರೆ ಆ ಪ್ರೀತಿ ಎಂಥದು ಎಂಬುದಕ್ಕೆ 1916ರ ‘ದಿ ಮಿಸ್ಟೀರಿಯಸ್ ಸ್ಟ್ರೇಂಜರ್’ ಸಾಕ್ಷಿ. ಸೈತಾನನ ಬಳಗದವನೊಬ್ಬ ಹುಡುಗನ ರೂಪದಲ್ಲಿ ಊರಿಗೆ ಬರುವ ಕಥೆಯನ್ನು ಟ್ವೇನ್ ಮೂರು ಬಗೆಯಲ್ಲಿ ಬರೆಯಲು ನೋಡಿ, ಯಾವುದನ್ನೂ ಅಚ್ಚಿಗೆ ಕೊಡದೆ ಬಿಟ್ಟಿದ್ದ. 1897ರಿಂದ 1900ರವರೆಗಿನದು ಮೊದಲನೆಯದು. 1898ರ ಸಣ್ಣ ತುಣುಕು ಎರಡನೆಯದು. 1902ರಲ್ಲಿ ಶುರುಮಾಡಿ 1908ರವರೆಗೆ ಆಗಾಗ ಮುಟ್ಟಿದ್ದು ಮೂರನೆಯದು. ಪೇನ್ ಮತ್ತು ಹಾರ್ಪರ್‌ನ ಫ್ರೆಡರಿಕ್ ಡ್ಯುನೆಕಾ ಸೇರಿ ಮೊದಲನೆಯ ಹಸ್ತಪ್ರತಿ ಎತ್ತಿಕೊಂಡು, ಅದಕ್ಕೆ ಮೂರನೆಯದಕ್ಕೆಂದು ಬರೆದ ಅಂತ್ಯವನ್ನು ಹೊಲಿದರು. ಪಾತ್ರಗಳ ಹೆಸರು ಹೊಂದದಿದ್ದಲ್ಲಿ ತಿದ್ದಿದರು. ದುಷ್ಟ ಪಾದ್ರಿಯ ಕೇಡುಗಳನ್ನು ಒಬ್ಬ ಜ್ಯೋತಿಷಿಯ ತಲೆಗೆ ಕಟ್ಟಿದರು. ಆ ಜ್ಯೋತಿಷಿ ಮೊದಲ ಹಸ್ತಪ್ರತಿಯಲ್ಲಿ ಇರಲೇ ಇಲ್ಲ. ಸಾವಿರಾರು ಪದಗಳನ್ನು ಕತ್ತರಿಸಿದರು. ಇಷ್ಟು ಮಾಡಿ ಒಂದು ಮಾತೂ ಆಡದೆ ಪುಸ್ತಕವನ್ನು ಟ್ವೇನ್‌ನ ಕೊನೆಯ ಮಹತ್ಕೃತಿಯೆಂದು ಹೊರಗಿಟ್ಟರು. ಅರ್ಧ ಶತಮಾನ ವಿಮರ್ಶಕರು ಅದರ ಅಂತ್ಯದ ಮೇಲೆ ಟ್ವೇನ್‌ನ ನಿರಾಶಾವಾದದ ಸಿದ್ಧಾಂತಗಳನ್ನು ಕಟ್ಟಿದರು. 1963ರಲ್ಲಿ ಜಾನ್ ಟಕ್ಕಿ ಕಾಗದ, ಮಸಿ, ಕೈಬರಹ ಪರೀಕ್ಷಿಸಿ ಕೃತಕ ಜೋಡಣೆಯನ್ನು ಬಯಲಿಗೆಳೆದ. 1969ರಲ್ಲಿ ವಿಲಿಯಂ ಗಿಬ್ಸನ್ ಮೂರೂ ಹಸ್ತಪ್ರತಿಗಳನ್ನು ಇದ್ದಂತೆಯೇ ಪ್ರಕಟಿಸಿದ. ಪ್ರಕ್ಷಿಪ್ತ ಪದ್ಯಗಳನ್ನು ಬೇರ್ಪಡಿಸುವ ಪರಂಪರೆಯುಳ್ಳ ನಮ್ಮ ಗ್ರಂಥಸಂಪಾದಕರಿಗೆ ಈ ಪ್ರಸಂಗ ಅಪರಿಚಿತವೆನಿಸದು. ವ್ಯತ್ಯಾಸವೆಂದರೆ ಇಲ್ಲಿ ಪ್ರಕ್ಷೇಪಕಾರನ ಹೆಸರು, ವಿಳಾಸ, ಇಸವಿ ಎಲ್ಲ ಗೊತ್ತು.

ಪೇನ್ 1937ರಲ್ಲಿ ತೀರಿಕೊಂಡ ನಂತರ ಬಂದ ಬರ್ನಾರ್ಡ್ ಡಿವೋಟೊ ಬೇರೆ ಜಾತಿಯ ಮನುಷ್ಯ. ಮುಚ್ಚಿಟ್ಟದ್ದನ್ನು ತೆರೆಯಬೇಕೆಂಬ ಹಟ ಅವನದು. 1939ರಲ್ಲೇ ‘ಲೆಟರ್ಸ್ ಫ್ರಂ ದಿ ಅರ್ತ್’ ಸಂಕಲನ ಸಿದ್ಧಪಡಿಸಿದ. ಆದರೆ ಟ್ವೇನ್‌ನ ಮಕ್ಕಳಲ್ಲಿ ಉಳಿದಿದ್ದ ಒಬ್ಬಳೇ ಮಗಳು ಕ್ಲಾರಾ ಒಪ್ಪಲಿಲ್ಲ. ತಂದೆಯ ಧರ್ಮವಿರೋಧಿ ಬರಹ ಜನರ ಕಣ್ಣಿಗೆ ಬೀಳುವುದು ಆಕೆಗೆ ಬೇಡವಾಗಿತ್ತು. ಪುಸ್ತಕ ಹೊರಬಿದ್ದದ್ದು 1962ರಲ್ಲಿ, ಕ್ಲಾರಾ ತೀರಿಕೊಂಡ ವರ್ಷವೇ. ಈ ವಿಷಯದಲ್ಲಿ ಕ್ಲಾರಾಳನ್ನು ದೂರುವವರು ಬಹಳ. ಒಂದು ಮಾತು ಮಾತ್ರ ಹೇಳಬೇಕು: ಕಾಗದಪತ್ರಗಳು ಚದುರಿಹೋಗದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದರಲ್ಲಿ ಆಕೆಯ ಪಾಲು ದೊಡ್ಡದು. ಅವು 1949ರಿಂದ ಬರ್ಕ್ಲಿಯಲ್ಲಿವೆ.

ಅಲ್ಲಿಂದ ಮುಂದಿನದು ಪ್ರೊಫೆಸರರ ಕಾಲ. ಅಪ್ರಕಟಿತ ಬರಹಗಳ ಮೊದಲ ಸಂಪುಟಗಳು 1967ರಲ್ಲಿ ಬಂದವು. ಪ್ರಕಟಿತ ಕೃತಿಗಳ ಮಾಲೆ ಅಯೋವಾ ವಿಶ್ವವಿದ್ಯಾಲಯದ ಜೊತೆಗೂಡಿ 1972ರ ‘ರಫಿಂಗ್ ಇಟ್’ನಿಂದ ಶುರುವಾಯಿತು. ವಿಧಾನ ಇಂಗ್ಲೆಂಡಿನ ಡಬ್ಲ್ಯು. ಡಬ್ಲ್ಯು. ಗ್ರೆಗ್ ಹಾಕಿಕೊಟ್ಟದ್ದು: ಕಾಗುಣಿತ, ವಿರಾಮಚಿಹ್ನೆಗಳಿಗೆ ಹಸ್ತಪ್ರತಿಯನ್ನೋ ಅದಕ್ಕೆ ಅತಿ ಹತ್ತಿರದ ಪ್ರತಿಯನ್ನೋ ಆಧಾರವಾಗಿ ಇಟ್ಟುಕೊಳ್ಳಬೇಕು, ಲೇಖಕನೇ ಮುಂದೆ ಪದ ಬದಲಿಸಿದ್ದಕ್ಕೆ ಆಧಾರವಿದ್ದಲ್ಲಿ ಮಾತ್ರ ಬದಲಾವಣೆ ಒಪ್ಪಬೇಕು. ಟ್ವೇನ್‌ನಂಥವನಿಗೆ ಇದು ಬಹಳ ಮುಖ್ಯ. ಅವನ ನಗೆ ಇರುವುದು ನಿಲುಗಡೆಯಲ್ಲಿ. ವೇದಿಕೆಯ ಮೇಲೆ ಅವನು ಮೌನವನ್ನು ಅಳೆದು ತೂಗಿ ಬಳಸುತ್ತಿದ್ದ. ಅಚ್ಚುಕೂಟದವನು ಒಂದು ಅಲ್ಪವಿರಾಮ ಸರಿಸಿದರೆ ತಮಾಷೆ ಸತ್ತಂತೆ. ಎಡ್ಮಂಡ್ ವಿಲ್ಸನ್‌ನಂಥ ವಿಮರ್ಶಕನಿಗೆ ಇದು ಹಿಡಿಸಲಿಲ್ಲ. ‘ಟಾಮ್ ಸಾಯರ್’ ಕಾದಂಬರಿಯನ್ನು ವಿದ್ವಾಂಸರ ತಂಡವೊಂದು ಹಿಂದಿನಿಂದ ಮುಂದಕ್ಕೆ ಪದಪದವಾಗಿ ಓದುತ್ತಿದೆ ಎಂದು 1968ರಲ್ಲಿ ಅವನು ಚೆನ್ನಾಗಿ ಗೇಲಿ ಮಾಡಿದ. ಗೇಲಿ ರುಚಿಯಾಗಿದೆ, ವಾದ ಮಾತ್ರ ಸೊರಗಿದ್ದು. ಅಂಥ ಓದು ಇಲ್ಲದೆ ಪೇನ್‌ನ ಹೊಲಿಗೆ ಬಿಚ್ಚುತ್ತಿರಲಿಲ್ಲ.

‘ಹಕಲ್‌ಬರಿ ಫಿನ್’ ವಿಷಯಕ್ಕೆ ಬಂದರೆ ವಿದ್ವಾಂಸರಿಗೂ ಅದೃಷ್ಟ ಆಟ ಆಡಿಸಿತು. ಬಫಲೋ ಗ್ರಂಥಾಲಯದ ಪರವಾಗಿ ಜೇಮ್ಸ್ ಗ್ಲಕ್ ಎಂಬ ವಕೀಲ ಕೇಳಿಕೊಂಡದ್ದಕ್ಕೆ ಟ್ವೇನ್ 1885ರಲ್ಲಿ ಕಾದಂಬರಿಯ ಹಸ್ತಪ್ರತಿಯ ಉತ್ತರಾರ್ಧ ಕಳಿಸಿದ; ಪೂರ್ವಾರ್ಧ ಹೋದದ್ದು 1887ರಲ್ಲಿ. ಆ ಪೂರ್ವಾರ್ಧ ಗ್ರಂಥಾಲಯದ ಕಪಾಟಿಗೆ ಏರದೆ ಮಾಯವಾಯಿತು. ಅದಿಲ್ಲದೆಯೇ ಕ್ಯಾಲಿಫೋರ್ನಿಯಾದವರು 1988ರಲ್ಲಿ ತಮ್ಮ ಪ್ರಮಾಣಪಾಠ ಪ್ರಕಟಿಸಿದರು. ಎರಡೇ ವರ್ಷಕ್ಕೆ, 1990ರಲ್ಲಿ, ಗ್ಲಕ್‌ನ ಮೊಮ್ಮಕ್ಕಳಿಗೆ ಹಾಲಿವುಡ್‌ನ ಮನೆಯ ಅಟ್ಟದಲ್ಲಿದ್ದ ಪೆಟ್ಟಿಗೆಯೊಳಗೆ ಅದು ಸಿಕ್ಕಿತು: 665 ಹಾಳೆಗಳು. ಒಡೆತನದ ತಕರಾರು ಮುಗಿದು ಅದು ಬಫಲೋಗೆ ಮರಳಿತು. ಸಂಪಾದಕರು ಕೆಲಸವನ್ನು ಮತ್ತೆ ಮೊದಲಿಂದ ಮಾಡಿ 2003ರಲ್ಲಿ ಹೊಸ ಪಾಠ ಕೊಟ್ಟರು. ಇದರಲ್ಲಿ ತೆಪ್ಪದ ಪ್ರಸಂಗ ತನ್ನ ಜಾಗದಲ್ಲಿದೆ. 16ನೆಯ ಅಧ್ಯಾಯಕ್ಕೆಂದು ಬರೆದ ಆ ಭಾಗವನ್ನು ಟ್ವೇನ್ ‘ಲೈಫ್ ಆನ್ ದಿ ಮಿಸಿಸಿಪಿ’ (1883) ಪುಸ್ತಕಕ್ಕೆ ಎರವಲು ಕೊಟ್ಟಿದ್ದ. ‘ಹಕ್’ ಕಾದಂಬರಿಯ ಗಾತ್ರ ‘ಟಾಮ್ ಸಾಯರ್’ಗೆ ಜೋಡಿಯಾಗುವಷ್ಟಿರಲೆಂದು ವೆಬ್‌ಸ್ಟರ್ ಸೂಚಿಸಿದಾಗ ಅದನ್ನು ಕೈಬಿಡಲು ಒಪ್ಪಿದ. ಲೇಖಕ ಒಪ್ಪಿ ಬಿಟ್ಟದ್ದನ್ನು ಮತ್ತೆ ಸೇರಿಸಬಹುದೆ ಎಂಬ ವಾದ ಇವತ್ತೂ ನಡೆದಿದೆ. ಬಿಟ್ಟದ್ದು ಮಾರಾಟದ ಅನುಕೂಲಕ್ಕಾದ್ದರಿಂದ ಸೇರಿಸಿದ್ದೇ ಸರಿ ಎಂಬುದು ನನ್ನ ಪಕ್ಷ.

ಆತ್ಮಕಥೆಯದೂ ಇದೇ ಹಾಡು. 1906ರಿಂದ ಶೀಘ್ರಲಿಪಿಗಾರ್ತಿಗೆ ಉಕ್ತಲೇಖನ ಕೊಡುತ್ತ, ಆ ಹೊತ್ತಿಗೆ ಮನಸ್ಸಿಗೆ ಬಂದದ್ದನ್ನು ಕಾಲಕ್ರಮದ ಹಂಗಿಲ್ಲದೆ ಹೇಳುವುದೇ ಟ್ವೇನ್ ಹಿಡಿದ ದಾರಿ. ಪೂರ್ತಿ ಪಾಠ ತಾನು ಸತ್ತು ನೂರು ವರ್ಷದವರೆಗೆ ಬೇಡ ಎಂದಿದ್ದ. 1924ರಲ್ಲಿ ಪೇನ್, 1940ರಲ್ಲಿ ಡಿವೋಟೊ, 1959ರಲ್ಲಿ ಚಾರ್ಲ್ಸ್ ನೈಡರ್ ತಮಗೆ ಬೇಕಾದಷ್ಟು ಆರಿಸಿದರು. ನೈಡರ್ ಅದನ್ನು ಹುಟ್ಟಿನಿಂದ ಮುಪ್ಪಿನವರೆಗೆ ಸಾಲಾಗಿ ಜೋಡಿಸಿದ. ಅಂದರೆ ಟ್ವೇನ್ ಬೇಡವೆಂದದ್ದನ್ನೇ ಮಾಡಿದ. ಅವನು ಹೇಳಿದ ಕ್ರಮದಲ್ಲಿಯೇ ಪೂರ್ಣಪಾಠ 2010, 2013, 2015ರಲ್ಲಿ ಮೂರು ಸಂಪುಟಗಳಾಗಿ ಬಂತು. ವಿಶ್ವವಿದ್ಯಾಲಯದ ಮುದ್ರಣಾಲಯ ಕೆಲವೇ ಸಾವಿರ ಪ್ರತಿ ಹೋದೀತೆಂದು ಅಂದಾಜಿಸಿದ್ದ ಮೊದಲ ಸಂಪುಟ ಲಕ್ಷಗಟ್ಟಲೆ ಮಾರಿತು.

ಶೆಲ್ಲಿ ಫಿಶರ್ ಫಿಶ್‌ಕಿನ್ ಸಂಪಾದಿಸಿದ ಆಕ್ಸ್‌ಫರ್ಡ್ ಮಾಲೆ (1996) ಪಾಠಶುದ್ಧಿಯ ಗೋಜಿಗೇ ಹೋಗದೆ ಮೊದಲ ಅಮೆರಿಕನ್ ಆವೃತ್ತಿಗಳ ಯಥಾಪ್ರತಿ ಕೊಟ್ಟಿತು. ಟೋನಿ ಮಾರಿಸನ್, ಆರ್ಥರ್ ಮಿಲ್ಲರ್ ಅಂಥವರಿಂದ ಪ್ರವೇಶಿಕೆ ಬರೆಸಿತು. ಅಂದಿನ ಓದುಗ ಕಂಡ ಚಿತ್ರಗಳ ಸಮೇತ ಓದಬೇಕೆನ್ನುವವರಿಗೆ ಅದೇ ಒಳ್ಳೆಯದು. 2011ರಲ್ಲಿ ಅಲಬಾಮಾದಿಂದ ಬಂದ ಆವೃತ್ತಿಯಲ್ಲಿ ಅಲನ್ ಗ್ರಿಬೆನ್ ‘ಹಕ್’ ಕಾದಂಬರಿಯ ಜನಾಂಗೀಯ ಬೈಗುಳವನ್ನು ತೆಗೆದು ‘ಗುಲಾಮ’ ಎಂಬರ್ಥದ ಪದ ಹಾಕಿದರು. ಶಾಲೆಗಳಲ್ಲಿ ಪುಸ್ತಕ ಉಳಿಯಲೆಂಬ ಉದ್ದೇಶ, ಬದಲಾವಣೆಯನ್ನು ಬಹಿರಂಗವಾಗಿ ಹೇಳಿಯೂ ಇದ್ದರು. ಅಷ್ಟರಮಟ್ಟಿಗೆ ಅವರು ಪೇನ್‌ಗಿಂತ ಪ್ರಾಮಾಣಿಕರು. ಪಾಠವಾಗಿ ಅದನ್ನು ಒಪ್ಪಲಾಗದು.

ಕ್ಯಾಲಿಫೋರ್ನಿಯಾದ ಪರಿಷ್ಕೃತ ಪಾಠಗಳು, ಸಾವಿರಾರು ಪತ್ರಗಳು, ಟಿಪ್ಪಣಿಗಳು 2007ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿವೆ. ಟ್ವೇನ್‌ನನ್ನು ಕನ್ನಡಕ್ಕೆ ತರುವವರು ದಯವಿಟ್ಟು ಕೈಗೆ ಸಿಕ್ಕ ಅಗ್ಗದ ಮರುಮುದ್ರಣದಿಂದ ಶುರುಮಾಡಬಾರದು. ‘ಹಕ್’ ಕಾದಂಬರಿಗೆ 2003ರ ಪಾಠವನ್ನೂ, ‘ಸ್ಟ್ರೇಂಜರ್’ಗೆ ಗಿಬ್ಸನ್‌ನ ಪಾಠವನ್ನೂ ನೋಡಲಿ, ಯಾವ ಆವೃತ್ತಿಯಿಂದ ಅನುವಾದಿಸಿದೆ ಎಂಬುದನ್ನು ಒಳಪುಟದಲ್ಲಿ ಒಂದು ಸಾಲಿನಲ್ಲಿ ಅಚ್ಚುಮಾಡಲಿ. ಪ್ರಕಾಶಕರೂ ಆ ಸಾಲಿಗೆ ಜಾಗ ಕೊಡಲಿ.