ನೂಲಿನ ತಂಪು, ನೇಕಾರನ ತಂಪು

ಬಾಲ್ಯದಲ್ಲಿ ಸಾವಳಗಿಯಿಂದ ಬನಹಟ್ಟಿಯ ಬಂಧುಗಳಲ್ಲಿಗೆ ಹೋದಾಗ ಬೇಸಗೆಯ ಮಧ್ಯಾಹ್ನಗಳನ್ನು ನಾನು ಕಳೆಯುತ್ತಿದ್ದುದು ಅವರ ಕುಣಿಮಗ್ಗದ ಪಕ್ಕದಲ್ಲಿ. ಹೊರಗೆ 40 ಡಿಗ್ರಿಯ ಬಿಸಿಲು. ಒಳಗೆ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಸಗಣಿ ಸಾರಿಸಿದ ನೆಲ. ನೇಕಾರನ ಕಾಲುಗಳು ಕುಣಿಯೊಳಗೆ. ಮಣ್ಣು ಶಾಖವನ್ನು ನಿಧಾನವಾಗಿ ಹೀರಿ ನಿಧಾನವಾಗಿಯೇ ಬಿಡುವುದರಿಂದ ಆ ಕೋಣೆ ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ.

ಆದರೆ ಶ್ರೋತೃಗಳೇ, ಕುಣಿಯ ಉಪಕಾರ ಮನುಷ್ಯನಿಗಿಂತ ಮೊದಲು ನೂಲಿಗೆ. ಒಣಗಾಳಿಗೆ ಹತ್ತಿಯ ಎಳೆ ಬೇಗ ಹರಿಯುತ್ತದೆ. ನೆಲದ ತೇವ ಅದನ್ನು ಕಾಯುತ್ತದೆ. ಇದೇ ತೇವಕ್ಕಾಗಿ ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ಮಗ್ಗದ ಕೋಣೆಗಳಿಗೆ ಹಬೆಯನ್ನೇ ಹಾಯಿಸಿದರು. ನೂಲು ಉಳಿಯಿತು, ಕೆಲಸಗಾರರು ಬಳಲಿದರು. 1889ರಲ್ಲಿ ಶಾಸನದ ಮೂಲಕ ಅದಕ್ಕೆ ಮಿತಿ ಹಾಕಬೇಕಾಯಿತು.

ಕುಣಿಯನ್ನೂ ನಾನು ಹಾಡಿ ಹೊಗಳಲಾರೆ. ಆ ಮನೆಯ ಹಿರಿಯರು ಮಬ್ಬುಬೆಳಕಿನಲ್ಲಿ ಕಣ್ಣನ್ನೂ ತೇವದಲ್ಲಿ ಮೊಣಕಾಲನ್ನೂ ಕಳೆದುಕೊಂಡರೆಂದೇ ಹೇಳುತ್ತಿದ್ದರು. ಇಂದು ಅದೇ ಮನೆಯಲ್ಲಿ ತಗಡಿನ ಮಾಡಿನಡಿ ವಿದ್ಯುತ್ ಮಗ್ಗಗಳು. ಬೆಳಕು ಧಾರಾಳ, ನಡುಹಗಲಲ್ಲಿ ಮಾಡು ಕಾದ ಹಂಚು. ಕಳೆದ ಬೇಸಗೆಯಲ್ಲಿ ಹೋದಾಗ ಹಿರಿಯರ ಮೊಮ್ಮಗ ಗೋಣಿತಟ್ಟು ನೆನೆಸಿ ಕಿಟಕಿಗೆ ಕಟ್ಟುತ್ತಿದ್ದ.

"ಸೆಕೆಗೇನಪಾ?" ಎಂದೆ.

"ಇಲ್ರೀ ಅಜ್ಜಾರ, ನೂಲು ಹರೀಬಾರದಲ್ರೀ" ಎಂದ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.