ಗುಂಪಿನಲ್ಲಿ ಗೋವಿಂದ: ಬ್ರೌಸರಿನ ಗುರುತಿನ ಕಥೆ

ಕಚೇರಿಯ ಕನ್ನಡದಲ್ಲಿ ‘ಬೆರಳಚ್ಚು’ ಎಂದರೆ ಟೈಪಿಂಗ್; ಪೊಲೀಸರ ಕನ್ನಡದಲ್ಲಿ ಬೆರಳಿನ ಗುರುತು. ಟೈಪ್‌ರೈಟರ್ ಬಲ್ಲವರಿಗೆ ಇವೆರಡೂ ದೂರದ ಮಾತಲ್ಲ. ಒಂದು ಅಕ್ಷರ ಸವೆದಿದ್ದರೆ, ಇನ್ನೊಂದು ಓರೆಯಾಗಿ ಬಿದ್ದರೆ, ಪತ್ರ ಯಾವ ಯಂತ್ರದ್ದೆಂದು ಪರೀಕ್ಷಕರು ಹೇಳಬಲ್ಲರು. ಅಂತರಜಾಲವನ್ನು ನೋಡಲು ನಾವು ಬಳಸುವ ಬ್ರೌಸರಿಗೂ ಇಂಥದೇ ಗುರುತುಂಟು.

ಮೊದಲು ಬಂದದ್ದು ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಇದನ್ನು ರೂಪಿಸಿದರು. ಬಂದ ಗಿರಾಕಿಯನ್ನು ಜಾಲತಾಣ ನೆನಪಿಡಲೆಂದು ನಮ್ಮ ಯಂತ್ರದಲ್ಲಿ ಇಡುವ ಚೀಟಿ ಅದು. ನೂರಾರು ತಾಣಗಳಲ್ಲಿ ಜಾಹೀರಾತು ಹಾಕುವ ಕಂಪನಿಗಳು ಅದೇ ಚೀಟಿಯಿಂದ ನಾವು ಓಡಾಡಿದ ದಾರಿಯನ್ನೆಲ್ಲ ಬರೆದಿಟ್ಟುಕೊಳ್ಳತೊಡಗಿದವು. ಆದರೂ ಚೀಟಿಯನ್ನು ಹರಿದುಹಾಕಬಹುದಿತ್ತು.

ಹರಿಯಲಾಗದ ಗುರುತನ್ನು ತೋರಿಸಿಕೊಟ್ಟವರು ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಪೀಟರ್ ಎಕರ್ಸ್ಲಿ. 2010ರಲ್ಲಿ, ಪರೀಕ್ಷೆಗೆ ತಾವಾಗಿ ಬಂದ 4,70,161 ಬ್ರೌಸರುಗಳ ಪೈಕಿ ನೂರಕ್ಕೆ 83.6ರಷ್ಟು ಒಂದರಂತೆ ಇನ್ನೊಂದಿರಲಿಲ್ಲ. ಪರದೆಯ ಅಳತೆ, ಕಾಲವಲಯ, ಅಕ್ಷರಶೈಲಿಗಳು, ತಂತ್ರಾಂಶದ ಆವೃತ್ತಿ: ಬಿಡಿಯಾಗಿ ಯಾವುದೂ ಗುಟ್ಟಲ್ಲ, ಕೂಡಿದರೆ ಚಹರೆಪಟ್ಟಿ. ಯಂತ್ರದಿಂದ ಕಾಣದ ಚಿತ್ರವೊಂದನ್ನು ಬರೆಯಿಸಿ ಅದರ ಸೂಕ್ಷ್ಮ ವ್ಯತ್ಯಾಸದಿಂದ ಗುರುತು ಹಿಡಿಯಬಹುದೆಂದು 2012ರಲ್ಲಿ ಮೋವರಿ ಮತ್ತು ಶಾಚಮ್ ತೋರಿಸಿದರು. 2014ರ ಹೊತ್ತಿಗೆ ಜನಪ್ರಿಯವಾದ ಒಂದು ಲಕ್ಷ ತಾಣಗಳಲ್ಲಿ ನೂರಕ್ಕೆ 5.5ರಷ್ಟು ಈ ಉಪಾಯವನ್ನು ಹೂಡಿದ್ದು ಸಂಶೋಧಕರ ಕಣ್ಣಿಗೆ ಬಿತ್ತು.

ಪರಿಹಾರವೇನು? ‘ನನ್ನನ್ನು ಹಿಂಬಾಲಿಸಬೇಡಿ’ ಎಂಬ ವಿನಂತಿಯನ್ನು ಫೈರ್‌ಫಾಕ್ಸ್ 2011ರಲ್ಲಿ ಸೇರಿಸಿತು. ಕೇಳುವವರಿಲ್ಲದೆ 2025ರಲ್ಲಿ ಕೈಬಿಟ್ಟಿತು. ಬೇಡಿಕೆಗಿಂತ ಬಾಗಿಲು ಮೇಲೆಂದು ಅಷ್ಟರಲ್ಲೇ ಅರಿವಾಗಿತ್ತು: 2019ರಲ್ಲಿ ಗೊತ್ತಿರುವ ಬೇಹುಗಾರರ ಕುಕಿಗಳಿಗೆ ತಡೆ, 2022ರಿಂದ ತಾಣಕ್ಕೊಂದರಂತೆ ಕುಕಿಗಳ ಪ್ರತ್ಯೇಕ ಡಬ್ಬಿ.

ಚಹರೆಯ ಮಟ್ಟಿಗೆ ಫೈರ್‌ಫಾಕ್ಸನ್ನೇ ಆಧರಿಸಿ ಕಟ್ಟಿದ ಟಾರ್ ಬ್ರೌಸರಿನ ದಾರಿ ಬೇರೆ. ಮುಖ ಮುಚ್ಚಿಕೊಳ್ಳುವುದಲ್ಲ, ಎಲ್ಲರೂ ಒಂದೇ ಮುಖ ತೊಡುವುದು. ಕಿಟಕಿಯ ಅಳತೆಯನ್ನು ನಿಗದಿತ ಅಂಕಿಗಳಿಗೆ ಇಳಿಸುತ್ತದೆ, ಎಲ್ಲರ ಗಡಿಯಾರದಲ್ಲೂ ಒಂದೇ ಕಾಲವಲಯ ತೋರಿಸುತ್ತದೆ, ತನ್ನ ಅಕ್ಷರಶೈಲಿಗಳನ್ನು ತಾನೇ ಹೊತ್ತು ತರುತ್ತದೆ. 2016ರಿಂದ ಇಂಥ ಕಟ್ಟುಪಾಡುಗಳು ಫೈರ್‌ಫಾಕ್ಸಿಗೂ ಬಂದವು. ಎರಡರ ಮೂಲಬರಹವೂ ಮುಕ್ತವಾದ್ದರಿಂದ, ಆಡಿದಂತೆ ನಡೆಯುತ್ತಿವೆಯೇ ಎಂದು ಬಲ್ಲವರು ಯಾರೂ ತೆರೆದು ನೋಡಬಹುದು.

ವಾಚಕರೇ, ಇಲ್ಲಿ ಹೊರನಾಡ ಕನ್ನಡಿಗರಾದ ನಮಗೊಂದು ತೊಡಕುಂಟು. ಬ್ರೌಸರಿನಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಇಟ್ಟರೆ, ಹೋದ ತಾಣಕ್ಕೆಲ್ಲ ಆ ಸಂಗತಿಯೂ ಹೋಗುತ್ತದೆ. ಬೆಂಗಳೂರಿನಲ್ಲಿ ಅದು ಹತ್ತರಲ್ಲಿ ಹನ್ನೊಂದು. ದೆಹಲಿಯಲ್ಲೋ ಪುಣೆಯಲ್ಲೋ ಅದೇ ಒಂದು ಗುರುತು. ಪುಟಗಳನ್ನು ಇಂಗ್ಲಿಷಿನಲ್ಲೇ ಕೇಳು ಎಂಬ ಆಯ್ಕೆ ಟಾರ್ ಬ್ರೌಸರಿನಲ್ಲಿ ಇರುವುದು ಇದಕ್ಕೇ. ಹಾಗಾದರೆ ಗುಟ್ಟು ಉಳಿಸಿಕೊಳ್ಳಲು ಕನ್ನಡವನ್ನು ಬಿಡಬೇಕೆ?

ಕಾಯಿಲೆ, ಸಾಲ, ಮನೆಯ ಕಷ್ಟ ಇಂಥವನ್ನು ವಿಚಾರಿಸುವಾಗ ನಾನು ಟಾರ್ ತೆರೆದು ಇಂಗ್ಲಿಷ್ ಕೇಳುತ್ತೇನೆ. ಉಳಿದ ಹೊತ್ತು ನನ್ನ ಫೈರ್‌ಫಾಕ್ಸ್ ಕನ್ನಡದಲ್ಲೇ ಇದೆ. ಗುಂಪಿನಲ್ಲಿ ಗೋವಿಂದ ಎನ್ನಲು ಮೊದಲು ಗುಂಪು ಬೇಕಲ್ಲವೇ? ಈ ಊರಿನಲ್ಲಿ ಕನ್ನಡ ಇಟ್ಟುಕೊಂಡವನು ಒಬ್ಬನಾದರೆ ಅದು ಗುರುತು. ಸಾವಿರ ಮನೆಗಳು ಇಟ್ಟುಕೊಂಡರೆ ಅದೇ ಮರೆ.